ಮಂತ್ರಿಗಳ ಮಿತವ್ಯಯ

2009ರ ಸೆಪ್ಟೆಂಬರಿನಲ್ಲಿ ನಮ್ಮ ಎಸ್. ಎಂ. ಕೃಷ್ಣ ಅವರು ದೆಹಲಿಯ ಪಂಚತಾರಾ ಹೋಟೆಲೊಂದರಿಂದ ಗಂಟುಮೂಟೆ ಕಟ್ಟಬೇಕಾಯಿತು. ಆಗ ಅವರು ವಿದೇಶಾಂಗ ಸಚಿವರು. ಸರ್ಕಾರಿ ಬಂಗಲೆ ಸಿದ್ಧವಾಗುವವರೆಗೆ ಅಲ್ಲಿದ್ದರು. ಅವರ ಖಾತೆಯ ರಾಜ್ಯ ಸಚಿವ ಶಶಿ ತರೂರ್ ಇನ್ನೊಂದು ಹೋಟೆಲಿನಲ್ಲಿದ್ದರು. ಸುದ್ದಿ ಪತ್ರಿಕೆಗೆ ಬಂತು. ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಜಾಗ ಖಾಲಿ ಮಾಡಿ ಎಂದರು, ಇಬ್ಬರೂ ಮಾಡಿದರು. ಅದೇ ತಿಂಗಳು ಸೋನಿಯಾ ಗಾಂಧಿ ಎಕಾನಮಿ ಕ್ಲಾಸಿನಲ್ಲಿ ಮುಂಬೈಗೆ ಹೋದರು, ರಾಹುಲ್ ಗಾಂಧಿ ಶತಾಬ್ದಿ ರೈಲು ಹತ್ತಿ ಲುಧಿಯಾನಕ್ಕೆ ಹೋದರು. ದೇಶಕ್ಕೆ ಬರ ಬಡಿದಿತ್ತು, ಸರ್ಕಾರ ಕೈ ಬಿಗಿಹಿಡಿದಿದೆ ಎಂದು ಜನ ನಂಬಬೇಕಿತ್ತು.

ಹೋಟೆಲಿನ ಬಿಲ್ಲು ನಮ್ಮ ಜೇಬಿನದೇ ಎಂದು ಇಬ್ಬರೂ ಹೇಳಿದ್ದರು. ಹಾಗಿದ್ದ ಮೇಲೆ ಅವರು ಎಲ್ಲಿ ಮಲಗಿದರೆ ನನಗೇನು? ಒಬ್ಬ ಮನುಷ್ಯ ತನ್ನ ದುಡ್ಡನ್ನು ಹೇಗೆ ಖರ್ಚು ಮಾಡುತ್ತಾನೆ ಎಂಬುದು ಅವನ ವಿಚಾರ. ನನಗೆ ಸಂಬಂಧಪಟ್ಟ ದುಡ್ಡು ಬೇರೆ ಕಡೆ ಇತ್ತು. ಎರಡು ತಿಂಗಳ ಹಿಂದಷ್ಟೇ ಪ್ರಣಬ್ ಮಂಡಿಸಿದ್ದ ಬಜೆಟ್ಟಿನ ಒಟ್ಟು ವೆಚ್ಚ 10,20,838 ಕೋಟಿ ರೂಪಾಯಿ. ಕೇಂದ್ರದ ಬಜೆಟ್ಟು 10 ಲಕ್ಷ ಕೋಟಿ ದಾಟಿದ್ದು ಅದೇ ಮೊದಲು. ವಿತ್ತೀಯ ಕೊರತೆ ಜಿಡಿಪಿಯ ಶೇ. 6.8. ಹಳೆಯ ಸಾಲದ ಬಡ್ಡಿಗೇ 2.25 ಲಕ್ಷ ಕೋಟಿ. ವಿಮಾನದಲ್ಲಿ ಯಾರು ಹಿಂದಿನ ಸೀಟಿಗೆ ಹೋದರು ಎಂದು ನಾವು ವಾರಗಟ್ಟಲೆ ಮಾತಾಡಿದೆವು. ಬಡ್ಡಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಇದೇ ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರಲ್ಲಿ, ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದಿತು. ರಾಜ್ಯಗಳಲ್ಲಿ ನಾವೇ ಮೊದಲು. ದಿನನಿತ್ಯದ ಖರ್ಚಿಗೆ ಸಾಲ ಮಾಡಬಾರದು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3 ಮೀರಬಾರದು ಎಂದು ಸರ್ಕಾರ ತನಗೆ ತಾನೇ ಹಾಕಿಕೊಂಡ ಕಟ್ಟು ಅದು. ಕೇಂದ್ರಕ್ಕೆ ಅಂಥ ಕಾಯ್ದೆ ಬಂದದ್ದು ಮರುವರ್ಷ. ನಾನು ಕೃಷ್ಣರನ್ನು ನೆನೆಯುವುದು ಆ ಕಾಯ್ದೆಗಾಗಿ. ಅದಕ್ಕೆ ಕ್ಯಾಮೆರಾ ಬರಲಿಲ್ಲ, ಚಪ್ಪಾಳೆ ಬೀಳಲಿಲ್ಲ. ಆದರೆ ರಾಜ್ಯ 2004-05ರಿಂದ ಹದಿನೈದು ವರ್ಷದಷ್ಟು ಕಾಲ ರಾಜಸ್ವ ಹೆಚ್ಚುವರಿಯಲ್ಲಿ ನಡೆಯಿತು.

ಸರ್ಕಾರ ಆದಷ್ಟು ಸಣ್ಣದಿರಬೇಕು, ಮನುಷ್ಯನ ಬದುಕಿನಲ್ಲಿ ಕೈಹಾಕುವುದನ್ನು ಕಡಿಮೆ ಮಾಡಬೇಕು ಎಂದು ನಂಬಿದವನು ನಾನು. ಇದನ್ನು ಕೇಳಿದೊಡನೆ ಕೆಲವರು ಬಡವರ ಬಗ್ಗೆ ಕಾಳಜಿಯಿಲ್ಲದವನು ಎನ್ನುತ್ತಾರೆ. ನನ್ನ ನಂಬಿಕೆ ಹುಟ್ಟಿದ್ದೇ ಸಣ್ಣ ವ್ಯಾಪಾರಿಯ ಮನೆಯಲ್ಲಿ.

ಕರಾವಳಿಯ ಪೇಟೆಯೊಂದರಲ್ಲಿ ನಮ್ಮಪ್ಪನ ಜೀನಸಿನ ಅಂಗಡಿಯಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ, ದಿನದ ಉಳಿತಾಯ ಕಟ್ಟಿಸಿಕೊಳ್ಳುವ ಪಿಗ್ಮಿ ಕಲೆಕ್ಟರ್ ಬರುತ್ತಿದ್ದರು. ಚರ್ಮದ ಚೀಲ, ಕಿವಿಯ ಮೇಲೊಂದು ಪೆನ್ನು. "ಎಂತ, ಇವತ್ತು ವ್ಯಾಪಾರ ಇಲ್ವಾ?" ಎಂದು ಕೇಳುತ್ತಲೇ ಪುಸ್ತಕ ಬಿಡಿಸುವರು. ಅಪ್ಪ ಗಲ್ಲಾಪೆಟ್ಟಿಗೆಯಿಂದ ಚಿಲ್ಲರೆ ಎಣಿಸಿ ಕೊಡುವರು. ವ್ಯಾಪಾರ ಬಿದ್ದ ದಿನವೂ ಪಿಗ್ಮಿ ತಪ್ಪಿದ್ದಿಲ್ಲ. ಅಕ್ಕನ ಮದುವೆ ನಡೆದದ್ದು ಆ ದುಡ್ಡಿನಲ್ಲೇ. ಈ ಪಿಗ್ಮಿಯನ್ನು 1928ರಲ್ಲಿ ಶುರುಮಾಡಿದ್ದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಬಡವರನ್ನು ಬ್ಯಾಂಕಿಗೆ ತರಲು ದೆಹಲಿಯ ಆದೇಶ ಬೇಕಾಗಿರಲಿಲ್ಲ, ಮನೆಬಾಗಿಲಿಗೆ ನಡೆದು ಬರುವ ಒಬ್ಬ ಮನುಷ್ಯ ಸಾಕಾಗಿದ್ದ.

1969ರ ಜುಲೈಯಲ್ಲಿ ಇಂದಿರಾ ಗಾಂಧಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಸಿಂಡಿಕೇಟ್, ಕೆನರಾ ಎರಡೂ ಅದರಲ್ಲಿದ್ದವು. ಬಡವರಿಗಾಗಿ ಎಂದೇ ಹೇಳಲಾಯಿತು. ಆಮೇಲಾದದ್ದನ್ನು ನೋಡಿ: ಬ್ಯಾಂಕುಗಳು ಸರ್ಕಾರದ ಸಾಲಪತ್ರ ಮುಂತಾದವುಗಳಲ್ಲಿ ಕಡ್ಡಾಯವಾಗಿ ತೊಡಗಿಸಬೇಕಾದ ಪಾಲು ಏರುತ್ತಾ ಹೋಗಿ 1990ರ ಹೊತ್ತಿಗೆ ಠೇವಣಿಯ ಶೇ. 38.5 ಮುಟ್ಟಿತ್ತು. ಅಪ್ಪನಂಥವರು ಚಿಲ್ಲರೆ ಚಿಲ್ಲರೆಯಾಗಿ ಉಳಿಸಿದ್ದರಲ್ಲಿ ದೊಡ್ಡ ಪಾಲು ಸರ್ಕಾರದ ಕೊರತೆ ತುಂಬಲು ಹೋಯಿತು. ಉಳಿಸಿದವರು ಅವರು, ಖರ್ಚು ಮಾಡಿದವರು ಇನ್ನೊಬ್ಬರು. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ.

ರಾಜಾಜಿ ಸರ್ಕಾರದ ಇಂಥ ಹಿಡಿತವನ್ನು ಬಹಳ ಮುಂಚೆಯೇ ಕಂಡಿದ್ದರು. 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಸ್ವತಂತ್ರ ಪಕ್ಷ ಕಟ್ಟಿ ಪರ್ಮಿಟ್-ಲೈಸೆನ್ಸ್ ರಾಜ್ಯದ ವಿರುದ್ಧ ನಿಂತರು. 1967ರಲ್ಲಿ ಆ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನ ಬಂತು, 1971ರಲ್ಲಿ ಬರೀ 8. ಗರೀಬಿ ಹಟಾವೋ ಅಲೆಯ ಮುಂದೆ ನಿಲ್ಲಲಾಗಲಿಲ್ಲ. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು ಈಡೇರಿದ್ದು 1991ರ ಜುಲೈ 24ರಂದು, ಅದೂ ಕಾಂಗ್ರೆಸ್ ಸರ್ಕಾರದಿಂದಲೇ. ಮನಮೋಹನ್ ಸಿಂಗ್ ಬಜೆಟ್ ಓದಿದ ದಿನವೇ ಹೊಸ ಕೈಗಾರಿಕಾ ನೀತಿ ಬಂತು. 18 ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸ್ ರದ್ದಾಯಿತು. ನಾನು ಕಂಡ ನಿಜವಾದ ಮಿತವ್ಯಯ ಅದು. ಸರ್ಕಾರ ಅಂದು ಬಿಟ್ಟುಕೊಟ್ಟದ್ದು ತನ್ನ ಅಧಿಕಾರವನ್ನು. ಬೊಕ್ಕಸಕ್ಕೆ ಅದರಿಂದ ಬಿಡಿಗಾಸೂ ಖರ್ಚಾಗಲಿಲ್ಲ.

ಪಕ್ಷಗಳ ಮಾತು ಮಾತ್ರ ಕುರ್ಚಿಯ ಜತೆಗೇ ತಿರುಗುತ್ತದೆ. 2015ರಲ್ಲಿ ಪ್ರಧಾನಿ ಮೋದಿ ಉದ್ಯೋಗ ಖಾತರಿ ಯೋಜನೆಯನ್ನು ಕಾಂಗ್ರೆಸ್ಸಿನ ಸೋಲಿನ ಸ್ಮಾರಕವೆಂದು ಲೋಕಸಭೆಯಲ್ಲಿ ಕರೆದರು. 2020ರಲ್ಲಿ ಅವರದೇ ಸರ್ಕಾರ ಅದಕ್ಕೆ 40,000 ಕೋಟಿ ಹೆಚ್ಚುವರಿ ಕೊಟ್ಟಿತು. ಕೋವಿಡ್ಡಿನಲ್ಲಿ ಊರಿಗೆ ನಡೆದು ಹೋದವರಿಗೆ ಕೂಲಿ ಬೇಕಿತ್ತು, ಕೊಟ್ಟದ್ದನ್ನು ನಾನು ಆಕ್ಷೇಪಿಸಲಾರೆ. ಆದರೆ 2022ರ ಜುಲೈಯಲ್ಲಿ ಪುಕ್ಕಟೆ ಹಂಚುವುದು ದೇಶಕ್ಕೆ ಅಪಾಯ ಎಂದ ಮೋದಿಯವರ ಪಕ್ಷವೇ ಮರುವರ್ಷ ಮಧ್ಯಪ್ರದೇಶದಲ್ಲಿ, ಹೆಂಗಸರ ಖಾತೆಗೆ ತಿಂಗಳ ದುಡ್ಡು ಹಾಕುವ ಲಾಡ್ಲಿ ಬಹನಾ ಯೋಜನೆ ಹಿಡಿದು ಮತ ಕೇಳಿತು. ಇತ್ತ ಕಾಂಗ್ರೆಸ್ ಐದು ಗ್ಯಾರಂಟಿ ಕೊಟ್ಟು ಕರ್ನಾಟಕ ಗೆದ್ದಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರ 2024-25ರ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ, ರಾಜಸ್ವ ಕೊರತೆ 27,354 ಕೋಟಿ. 2002ರ ಕಟ್ಟು ಸಡಿಲಾಗಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹಾಗೆಂದು ಐದನ್ನೂ ಒಂದೇ ತಕ್ಕಡಿಗೆ ಹಾಕಲಾರೆ. 2023ರಲ್ಲಿ ಭಾರತೀಯ ಆಹಾರ ನಿಗಮದಿಂದ ಅಕ್ಕಿ ಸಿಗದಾಗ ರಾಜ್ಯ ಸರ್ಕಾರ ಐದರಲ್ಲೊಂದಾದ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋಗೆ ಬದಲಾಗಿ ತಲೆಗೆ 170 ರೂಪಾಯಿ ಖಾತೆಗೆ ಹಾಕತೊಡಗಿತು, ಕಿಲೋಗೆ 34ರ ಲೆಕ್ಕದಲ್ಲಿ. ಬೇರೆ ದಾರಿಯಿಲ್ಲದೆ ಮಾಡಿದ ಕೆಲಸ. ಆದರೂ ನನಗೆ ಹಿಡಿಸಿದ್ದು ಅದೇ. ಕೊಡಲೇಬೇಕೆಂದಿದ್ದರೆ ದುಡ್ಡೇ ಕೊಡಲಿ. ರಾಗಿ ಉಣ್ಣುವ ಮನೆಯವಳು ರಾಗಿ ತರುತ್ತಾಳೆ, ಕಲಬುರಗಿಯವಳು ಜೋಳ ತರುತ್ತಾಳೆ, ಇನ್ನೊಬ್ಬಳು ಮಗುವಿಗೆ ಮೊಟ್ಟೆ ತರುತ್ತಾಳೆ. ಗೋದಾಮು ಬೇಡ, ಲಾರಿ ಬೇಡ, ತೂಕದಲ್ಲಿ ಹೊಡೆಯುವವರು ಬೇಡ. 2025ರ ಫೆಬ್ರುವರಿಯಿಂದ ದುಡ್ಡು ನಿಲ್ಲಿಸಿ ಮತ್ತೆ ಅಕ್ಕಿಯನ್ನೇ ಕೊಡಲು ಸರ್ಕಾರ ನಿರ್ಧರಿಸಿತು. ಕೇಂದ್ರದ ಅಕ್ಕಿ ಕಿಲೋಗೆ 22 ರೂಪಾಯಿ 50 ಪೈಸೆಗೆ ಸಿಗುತ್ತಿತ್ತು, ಅಷ್ಟರಮಟ್ಟಿಗೆ ಬೊಕ್ಕಸಕ್ಕೆ ಉಳಿತಾಯ. ಕೊಟ್ಟ ಮಾತು ಅಕ್ಕಿಯದೇ, ಉಳಿಸಿಕೊಂಡೆವು ಎಂದರು ಆಡಳಿತದವರು. ಆ 170 ರೂಪಾಯಿಯಲ್ಲಿ ಏನು ತರಬೇಕೆಂದು ತಾನೇ ತೀರ್ಮಾನಿಸುತ್ತಿದ್ದ ಹೆಣ್ಣುಮಗಳನ್ನು, ನಿನಗೆ ಯಾವುದು ಬೇಕಮ್ಮ ಎಂದು ಆಡಳಿತದವರಾಗಲಿ ವಿರೋಧ ಪಕ್ಷದವರಾಗಲಿ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.