ಇಳಿಯಲಿಕ್ಕೆ ಜಾಗ ಉಂಟಾ?

ವಿಮಾನ ಏರುವುದನ್ನು ನೋಡಲು ಜನ ಟಿಕೆಟು ತೆಗೆದುಕೊಂಡು ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಹೋಗುತ್ತಾರೆ. ಪೊಳಲಿಯಲ್ಲಿ ಬೆಳೆದ ನನಗೆ ಮಾತ್ರ ವಿಮಾನವೆಂದರೆ ಮೊದಲಿನಿಂದಲೂ ಇಳಿಯುವ ವಸ್ತು. ಮೂಡು ದಿಕ್ಕಿನಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಬರುವ ವಿಮಾನಗಳು ನಮ್ಮ ಕಡೆಯ ಆಕಾಶ ಮುಟ್ಟುವ ಹೊತ್ತಿಗೆ ಸದ್ದು ತಗ್ಗಿಸಿ, ಚಕ್ರ ಬಿಟ್ಟುಕೊಂಡು, ಗುಡ್ಡೆಯ ಹಿಂದೆ ಮರೆಯಾಗುವ ತಯಾರಿಯಲ್ಲಿರುತ್ತವೆ. ಹುಡುಗರಾದ ನಾವು ಆಮೇಲೆ ಏನಾಯಿತೆಂದು ಗೊತ್ತಿಲ್ಲದೆ ಚೆಂಡಾಟಕ್ಕೆ ಮರಳುತ್ತಿದ್ದೆವು. ಅಜ್ಜನಿಗೆ ಮಾತ್ರ ಗೊತ್ತಿತ್ತು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಜ್ಪೆಯಲ್ಲಿ ಇಳಿದು ನಿಲ್ದಾಣ ಉದ್ಘಾಟಿಸಿದಾಗ ಅಜ್ಜ ನೋಡಲು ನಡೆದುಕೊಂಡೇ ಹೋಗಿದ್ದರಂತೆ. ನೆಹರೂ ಏನು ಮಾತಾಡಿದರು ಎಂದು ಕೇಳಿದರೆ ಅವರಿಗೆ ನೆನಪಿಲ್ಲ. "ಅಷ್ಟು ದೊಡ್ಡದು ಬಂದು ನೆಲ ಮುಟ್ಟುವಾಗ ಧೂಳು ಸಹ ಏಳಲಿಲ್ಲ ಮಾರಾಯ" ಎಂಬುದೊಂದೇ ವರದಿ.

ನಮ್ಮದು ಸಮತಟ್ಟು ನೆಲ ಹುಟ್ಟಿನಿಂದ ಬಂದ ಸೀಮೆಯಲ್ಲ. ಗುಡ್ಡೆ, ಗುಡ್ಡೆಯ ನಡುವೆ ಬೈಲು, ಬೈಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಮೂರು ಕಡೆ ಫಲ್ಗುಣಿ ಹೊಳೆ. ಚಪ್ಪಟೆ ಜಾಗ ಬೇಕಾದರೆ ಕಡಿದು ತುಂಬಿಸಿ ಮಾಡಿಕೊಳ್ಳಬೇಕು. ಬಜ್ಪೆಯಲ್ಲೂ ಮಾಡಿದ್ದು ಅದನ್ನೇ. ಹಳೆಯ ರನ್‌ವೇ 1,615 ಮೀಟರ್. 1981ರ ಆಗಸ್ಟ್ 19ರ ಮಳೆಯಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನ ಅದರ ತುದಿ ದಾಟಿ ಹೋಗಿ ನಿಂತಿತು. ಒಳಗಿದ್ದವರಲ್ಲಿ ಮೂಡುಬಿದಿರೆಯ ವೀರಪ್ಪ ಮೊಯಿಲಿಯವರೂ ಇದ್ದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಪೇಟೆಯ ಅಂಗಡಿಗಳಲ್ಲಿ ಕೆಲವು ವಾರ ಅದೇ ಸುದ್ದಿ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ಅದೂ ಗುಡ್ಡೆಯ ನೆತ್ತಿಯಲ್ಲೇ, ತುದಿ ಮುಗಿದಲ್ಲಿ ಕಣಿವೆ.

ನನ್ನ ಕೈಗೆ ಮೊದಲು ಬಂದ ವಿಮಾನಕ್ಕೆ ಇಳಿಯುವ ತಾಪತ್ರಯವೇ ಇರಲಿಲ್ಲ. ಮಂಗಳೂರಿನಲ್ಲಿ ಓದುವಾಗ ಎನ್‌ಸಿಸಿಯ ವಾಯುದಳ ಸೇರಿದ್ದೆ. ಅಲ್ಲಿ ಬಾಲ್ಸಾ ಮರದ ಹಾಳೆ ಕತ್ತರಿಸಿ, ಅಂಟು ಹಾಕಿ, ಮೇಲೆ ತೆಳು ಕಾಗದ ಬಿಗಿದು ಮಾದರಿ ವಿಮಾನ ಮಾಡಿಸುತ್ತಿದ್ದರು. ಎಂಜಿನ್ ಕಲ್ಕತ್ತದ ಅರೋರಾ, ಮುಷ್ಟಿಯೊಳಗೆ ಹಿಡಿಯುವಷ್ಟು ಸಣ್ಣ ಡೀಸೆಲ್. ಡೀಸೆಲ್ ಎಂದು ಹೆಸರು ಮಾತ್ರ. ಹಾಕುವುದು ಈಥರ್, ಚಿಮಿಣಿ ಎಣ್ಣೆ ಮತ್ತು ಹರಳೆಣ್ಣೆಯ ಮಿಶ್ರಣ. ಅದನ್ನು ಹಚ್ಚುವುದು ಬೆರಳಿನಿಂದ ಪಂಖ ಹೊಡೆದು. ಹೊಡೆದ ಬೆರಳನ್ನು ಎಂಜಿನ್ ವಾಪಸು ಹೊಡೆಯುತ್ತಿತ್ತು. ವಾಯುದಳದವರನ್ನು ಕ್ಯಾಂಟೀನಿನಲ್ಲಿ ಗುರುತಿಸಲು ತೋರುಬೆರಳಿನ ಬಟ್ಟೆ ಸಾಕಿತ್ತು. ವಿಮಾನದಿಂದ ಎರಡು ಉಕ್ಕಿನ ತಂತಿ ಬಂದು ನಮ್ಮ ಕೈಯ ಹಿಡಿಗೆ ಸೇರುತ್ತಿತ್ತು. ಅದು ನಮ್ಮ ಸುತ್ತ ತಿರುಗುತ್ತದೆ, ನಾವು ಅದರ ಜೊತೆ ತಿರುಗುತ್ತೇವೆ. ವೇಗ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಇಲ್ಲ. ಎಣ್ಣೆ ಮುಗಿದಾಗ ಎಂಜಿನ್ ಗಕ್ಕನೆ ನಿಲ್ಲುತ್ತದೆ, ವಿಮಾನ ಅರ್ಧ ಸುತ್ತು ತೇಲಿ ಹುಲ್ಲಿನ ಮೇಲೆ ಕೂರುತ್ತದೆ. ಯಾವಾಗ ಇಳಿಯಬೇಕು ಎಂದು ತೀರ್ಮಾನಿಸುವವನು ನಾನಲ್ಲ, ಟ್ಯಾಂಕು. ಆ ನಿಶ್ಚಿಂತೆಯಲ್ಲಿ ನಾನು ಒಳ್ಳೆಯ ಪೈಲಟ್ ಎಂದು ಹೆಸರನ್ನೂ ಮಾಡಿದೆ.

ಆಮೇಲೆ ಬ್ಯಾಂಕಿನ ಕೆಲಸ, ಬೆಂಗಳೂರು, ಸಂಸಾರ. ಮಾದರಿ ವಿಮಾನ ಮತ್ತೆ ನನ್ನ ಬದುಕಿಗೆ ಬಂದದ್ದು ಅಕ್ಕನ ಮಗನಿಂದ. ಒಂದು ಭಾನುವಾರ ಬೆಳಿಗ್ಗೆ "ಮಾವ, ಎಂತ ಮಾಡ್ತಾ ಇದ್ದೀರಿ? ಬನ್ನಿ, ಒಂದು ತೋರಿಸ್ಲಿಕ್ಕುಂಟು" ಎಂದು ಊರಾಚೆಯ ಖಾಸಗಿ ರನ್‌ವೇ ಒಂದಕ್ಕೆ ಕರೆದುಕೊಂಡು ಹೋದ. ವ್ಯಾನಿನ ಹಿಂಬಾಗಿಲು ತೆರೆದರೆ ಒಳಗೆ ಎರಡು ಮೀಟರಿಗೂ ಉದ್ದದ ಜೆಟ್ ಒಂದು, ರೆಕ್ಕೆ ಬಿಚ್ಚಿಕೊಂಡು ಮಲಗಿತ್ತು. ಎಣ್ಣೆ ತುಂಬಿದರೆ ಹದಿನೆಂಟು ಕಿಲೋ. ಬೆಲೆ ಕೇಳಿದೆ. ಸುತ್ತಮುತ್ತ ಅಕ್ಕ ಇಲ್ಲವೆಂದು ಗೊತ್ತಿದ್ದರೂ ದನಿ ತಗ್ಗಿಸಿ ಹೇಳಿದ. ಆ ದುಡ್ಡಿಗೆ ಅವಳು ತೋಟಕ್ಕೆ ಹೊಸ ಬಾವಿ ತೋಡಿಸಿ, ಪಂಪು ಕೂರಿಸಿ, ಉಳಿದದ್ದರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದಳು.

ಹಿಂದೆ ಜೆಟ್ ಮಾದರಿ ಎಂದರೆ ಆಕಾರ ಮಾತ್ರ ಜೆಟ್ಟಿನದು. ಹೊಟ್ಟೆಯೊಳಗೆ ಒಂದು ಫ್ಯಾನು ಅಡಗಿಸಿ ಗಾಳಿ ಊದಿಸುತ್ತಿದ್ದರು. ಇದು ಹಾಗಲ್ಲ, ಒಳಗೆ ಇರುವುದು ನಿಜವಾದ ಗ್ಯಾಸ್ ಟರ್ಬೈನ್. ರೇಡಿಯೋ ನಿಯಂತ್ರಣದ ಮಾದರಿಯೊಂದನ್ನು ಇಂಥ ಎಂಜಿನ್ನಿನಿಂದ ಮೊದಲು ಹಾರಿಸಿದ್ದು ಇಂಗ್ಲೆಂಡಿನ ಜೆರ್ರಿ ಜ್ಯಾಕ್‌ಮನ್ ಮತ್ತು ಸಂಗಡಿಗರು, 1983ರಲ್ಲಿ. ಆದರೆ ಅದನ್ನು ಸಾಮಾನ್ಯ ಹವ್ಯಾಸಿಯ ಕೈಗೆ ತಲುಪಿಸಿದವರು ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್. ಗಾಳಿ ಒತ್ತುವ ಚಕ್ರವನ್ನು ಅವರು ಮಾಡಿದ್ದು ಪ್ಲೈವುಡ್ಡಿನಲ್ಲಿ, ಸಿಡಿಯದಂತೆ ಸುತ್ತಲೂ ಕಾರ್ಬನ್ ನಾರು ಬಿಗಿದು. ಒಂದು ಕಡೆ ಬೆಂಕಿ, ಕೆಲವೇ ಅಂಗುಲದಾಚೆ ಮರದ ಚಕ್ರ! ಮನೆಯಲ್ಲಿ ಕೂತು ಸಾಧಾರಣ ಹತ್ಯಾರುಗಳಲ್ಲಿ ಮಾಡಬಹುದು ಎಂದು ಪುಸ್ತಕವನ್ನೂ ಬರೆದರು. ಅವರ ನಂತರದವರು ಲಾರಿ, ಕಾರುಗಳ ಟರ್ಬೋಚಾರ್ಜರಿನ ಅಲ್ಯೂಮಿನಿಯಂ ಚಕ್ರವನ್ನೇ ತೆಗೆದು ಹಾಕಿದರು. ಈಗ ಕಾರ್ಖಾನೆಯಿಂದಲೇ ಬರುತ್ತದೆ, ಆದರೂ ವಂಶ ಅದೇ.

ಹಚ್ಚುವುದನ್ನು ಹತ್ತಿರದಿಂದ ನೋಡಿದೆ. ಒಬ್ಬ ಹುಡುಗ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಂತ. ಅಕ್ಕನ ಮಗ ಕೈಯಲ್ಲಿದ್ದ ಟ್ರಾನ್ಸ್‌ಮಿಟರಿನ ಸ್ವಿಚ್ಚು ಒತ್ತಿದ. ಒಳಗೆ ಸಣ್ಣ ಮೋಟಾರು ಗುಂಯ್ ಎಂದಿತು, ಫಟ್ ಎಂದು ಕಿಡಿ ಹತ್ತಿತು, ನಿಧಾನಕ್ಕೆ ಸ್ವರ ಏರುತ್ತ ಹೋಗಿ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಸುಮ್ಮನೆ ನಿಂತಿರುವಾಗಲೇ ನಿಮಿಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಸುತ್ತು, ಪೂರ್ತಿ ಕೊಟ್ಟರೆ ಲಕ್ಷ ದಾಟುತ್ತದೆ. ಮೂಗಿಗೆ ಬಡಿದದ್ದು ಮಾತ್ರ ನನ್ನ ಬಾಲ್ಯದ ಚಿಮಿಣಿ ಎಣ್ಣೆ. ಈಗಲೂ ಅದನ್ನೇ ಹಾಕುವುದು, ಬೇರಿಂಗಿಗೆಂದು ನೂರಕ್ಕೆ ಐದರಷ್ಟು ಟರ್ಬೈನ್ ಎಣ್ಣೆ ಬೆರೆಸಿ. ರೇಷನ್ ಅಂಗಡಿಯ ಕ್ಯೂನಲ್ಲಿ ಡಬ್ಬ ಹಿಡಿದು ನಿಂತ ನೆನಪಿರುವವನಿಗೆ, ಅದು ಒಂದೊಂದು ನಿಮಿಷಕ್ಕೆ ಅರ್ಧ ಲೀಟರಿನ ಲೆಕ್ಕದಲ್ಲಿ ಬಾಲದಿಂದ ಹೋಗುವುದನ್ನು ನೋಡುವುದು ಸುಲಭವಲ್ಲ.

ಏರಿದ್ದು ಕ್ಷಣದಲ್ಲಿ. ಸುತ್ತು, ಪಲ್ಟಿ, ನಮ್ಮ ಮುಂದೆ ತಗ್ಗಿನಲ್ಲಿ ಸೀಳಿಕೊಂಡು ಹೋದದ್ದು, ಎಲ್ಲ ಆಯಿತು. ನೋಡುತ್ತಿದ್ದವರು ಕುರ್ಚಿಯಲ್ಲಿ ಒರಗಿ ಚಹಾ ಕುಡಿಯುತ್ತಿದ್ದರು. ಐದು ನಿಮಿಷವಾದಾಗ ಟ್ರಾನ್ಸ್‌ಮಿಟರಿನ ಗಡಿಯಾರ ಕುಂಯ್‌ಗುಟ್ಟಿತು. ಆಗ ಎಲ್ಲರೂ ಲೋಟ ಕೆಳಗಿಟ್ಟರು. ಅಲ್ಲಿಯವರೆಗೆ ಹರಟುತ್ತಿದ್ದ ಅಕ್ಕನ ಮಗನ ಕತ್ತಿನ ನರ ಕಾಣತೊಡಗಿತು.

ಕಷ್ಟ ಎಲ್ಲಿದೆ ಎಂದು ಅವನು ಆಮೇಲೆ ಬಿಡಿಸಿ ಹೇಳಿದ. ಪಂಖದ ವಿಮಾನವಾದರೆ ಎಂಜಿನ್ ತಗ್ಗಿಸಿದೊಡನೆ ಪಂಖವೇ ಗಾಳಿಗೆ ಅಡ್ಡವಾಗಿ ವೇಗ ಕಡಿಮೆ ಮಾಡುತ್ತದೆ. ಜೆಟ್ಟಿಗೆ ಆ ಉಪಕಾರ ಇಲ್ಲ. ಪೂರ್ತಿ ತಗ್ಗಿಸಿದರೂ ಅದು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಚಕ್ರ ಬಿಟ್ಟು, ರೆಕ್ಕೆಯ ಫ್ಲ್ಯಾಪ್ ಇಳಿಸಿ, ಗಾಳಿಗೆ ಅಡ್ಡ ಹಿಡಿದು ವೇಗ ಕಳೆಯಬೇಕು. ಕಳೆದದ್ದು ಹೆಚ್ಚಾಯಿತೋ, ಮತ್ತೆ ಶಕ್ತಿ ಕೇಳಿದರೆ ಟರ್ಬೈನ್ ಕೂಡಲೇ ಕೊಡುವುದಿಲ್ಲ. ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅದು ಮದುವೆ ಮನೆಯ ಅಡುಗೆ ಭಟ್ಟರ ಜಾತಿ: ಮುಂಚೆ ಹೇಳಿಟ್ಟರೆ ಐನೂರು ಎಲೆಗೂ ಸರಿ, ಪಂಕ್ತಿ ಕೂತ ಮೇಲೆ ಇನ್ನೊಂದು ಪಲ್ಯ ಕೇಳಿದರೆ ಕೆಲಸ ಕೆಟ್ಟಿತು. ಆದ್ದರಿಂದ ಇಳಿಯುವಾಗ ಎಂಜಿನ್ನನ್ನು ಪೂರ್ತಿ ಮಲಗಿಸದೆ, ಅರೆ ಎಚ್ಚರದಲ್ಲಿಟ್ಟುಕೊಂಡೇ ತರಬೇಕು.

ಇನ್ನೊಂದು ಪೇಚು ನಿಂತ ಜಾಗದ್ದು. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ಇಳಿಯಲು ನಮ್ಮತ್ತ ತಿರುಗಿತೋ, ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಯೋಚನೆ ಮಾಡಲು ಸಮಯವಿಲ್ಲ. ಕಲಿಯುವವರಿಗೆ ಹೇಳಿಕೊಡುವ ಉಪಾಯ ಚೆನ್ನಾಗಿದೆ: ಯಾವ ರೆಕ್ಕೆ ತಗ್ಗಿ ಕಾಣುತ್ತದೋ ಆ ಕಡೆಗೆ ಕಡ್ಡಿ ಒತ್ತು, ಆಸರೆ ಕೊಟ್ಟ ಲೆಕ್ಕ. ಒಳಗೆ ಕೂತ ಪೈಲಟ್‌ಗೆ ವಿಮಾನ ಸೋಲುವುದು ಆಸನದಲ್ಲೇ ಗೊತ್ತಾಗುತ್ತದೆ. ನೆಲದಲ್ಲಿ ನಿಂತವನಿಗೆ ಇರುವುದು ಎರಡು ಕಣ್ಣು ಮಾತ್ರ.

ಮೊದಲ ಸಲ ಬಂದಾಗ ಅದು ತುಸು ಎತ್ತರದಲ್ಲಿತ್ತು ಅಷ್ಟೆ. ನನ್ನ ಕಣ್ಣಿಗೆ ಏನೂ ತಪ್ಪು ಕಾಣಲಿಲ್ಲ. ಅವನು "ಬೇಡ" ಎಂದು ತನಗೇ ಹೇಳಿಕೊಂಡು, ರನ್‌ವೇಯ ತುದಿಗೆ ಬರುವ ಮುಂಚೆಯೇ ಶಕ್ತಿ ಕೊಟ್ಟು ಮೇಲೆತ್ತಿದ. ಮತ್ತೊಂದು ಸುತ್ತು ಬಂದು, ಹಿಂದಿನ ಎರಡು ಚಕ್ರಗಳನ್ನು ಮೊದಲು ಊರಿಸಿ, ಮೂಗನ್ನು ಒಂದಿಷ್ಟು ಹೊತ್ತು ಎತ್ತಿಹಿಡಿದು, ಮೆಲ್ಲನೆ ಬಿಟ್ಟು, ಬ್ರೇಕು ಹಾಕಿದ. ಅಲ್ಲಿದ್ದವರು ಚಪ್ಪಾಳೆ ತಟ್ಟಿದ್ದು ಇಳಿದದ್ದಕ್ಕೆ. ಬಿಟ್ಟುಬಿಟ್ಟ ಆ ಮೊದಲನೆಯದಕ್ಕೆ ತಟ್ಟಬೇಕಿತ್ತು ಎಂದು ನನಗನ್ನಿಸಿತು.

ಹಾಗನ್ನಿಸಲು ಕಾರಣ ನಮ್ಮೂರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಬೋಯಿಂಗ್ 737 ಬಜ್ಪೆಯ ತುದಿ ದಾಟಿ ಕಣಿವೆಗೆ ಹೋಗಿ 158 ಜನ ತೀರಿಹೋದರು, ಎಂಟು ಜನ ಉಳಿದರು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಆ ದಿನ ಯಾರಿಗಾದರೂ ಫೋನು ಮಾಡದ ಮನೆ ಇರಲಿಲ್ಲ. ತನಿಖೆಯ ವರದಿ ಹೇಳಿದ್ದು ಇಷ್ಟು: ವಿಮಾನ ಅತಿ ಎತ್ತರದಲ್ಲಿ ಬಂತು, ಸಹಪೈಲಟ್ ಮತ್ತೊಂದು ಸುತ್ತು ಹೋಗೋಣ ಎಂದು ಒಂದಕ್ಕಿಂತ ಹೆಚ್ಚು ಸಲ ಹೇಳಿದರು, 8,033 ಅಡಿ ರನ್‌ವೇಯಲ್ಲಿ 5,200 ಅಡಿಯಷ್ಟು ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಮಳೆಗಾಲದಲ್ಲಿ ವಿಮಾನ ಬಜ್ಪೆಯ ಮೇಲೆ ಸುತ್ತಿ ಸುತ್ತಿ ಕೊನೆಗೆ ಬೆಂಗಳೂರಿಗೋ ಕೊಚ್ಚಿಗೋ ಹೋದರೆ ಈಗಲೂ ಗೊಣಗುವವರಿದ್ದಾರೆ. ನಾನು ಗೊಣಗುವುದಿಲ್ಲ.

ಈ ಇಳಿಯುವ ಪಾಠಕ್ಕೆ ಕರ್ನಾಟಕದಲ್ಲಿ ದೊಡ್ಡದೇ ಚರಿತ್ರೆ ಇದೆ. ಕುರ್ಟ್ ಟ್ಯಾಂಕ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾರುತ್ ಜೆಟ್ ರೂಪಿಸುವಾಗ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿಸಿದರು. ಎಂಜಿನ್ ಇಲ್ಲ. 1959ರಲ್ಲಿ ಅದನ್ನು ಡಕೋಟಾ ಎಳೆದುಕೊಂಡು ಮೇಲೇರಿ ಬಿಟ್ಟರೆ, ಒಳಗಿದ್ದವರು ತೇಲಿಸಿಕೊಂಡು ಬಂದು ಇಳಿಸುತ್ತಿದ್ದರು. ಜೆಟ್ ಹಾರಿದ್ದು 1961ರ ಜೂನ್ 17ಕ್ಕೆ; ಇಳಿಯುವುದನ್ನು ಎರಡು ವರ್ಷ ಮೊದಲೇ ಕಲಿತಾಗಿತ್ತು. ಆಮೇಲೆ ಬಂದ ಲಕ್ಷ್ಯ ಪೈಲಟ್ ಇಲ್ಲದ ಜೆಟ್, ಸೇನೆಯವರ ಗುರಿ ಅಭ್ಯಾಸಕ್ಕೆಂದು ಬೆಂಗಳೂರಿನ ರಕ್ಷಣಾ ಸಂಶೋಧನಾಲಯ ಎಡಿಇ ಮಾಡಿದ್ದು. ಅದು ರನ್‌ವೇಯ ಗೊಡವೆಗೇ ಹೋಗಲಿಲ್ಲ. ಪ್ಯಾರಾಚೂಟು ಬಿಚ್ಚಿ ಬೀಳುತ್ತದೆ. ನನ್ನ ಎನ್‌ಸಿಸಿ ವಿಮಾನದ ಗೋತ್ರದ್ದೇ ಅನ್ನಿ.

ಚಳ್ಳಕೆರೆ ಬಳಿಯ ಪ್ರಯೋಗ ಕ್ಷೇತ್ರದಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ನೌಕೆಯನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದರಲ್ಲಿ ಪೈಲಟ್ ಇಲ್ಲ, ತಳ್ಳುವ ಎಂಜಿನ್ ಇಲ್ಲ, ಕೆಳಗೆ ಕಡ್ಡಿ ಹಿಡಿದವರೂ ಇಲ್ಲ. ತಾನೇ ದಾರಿ ಲೆಕ್ಕ ಹಾಕಿಕೊಂಡು ಬಂದು ರನ್‌ವೇಯಲ್ಲಿ ಇಳಿಯಿತು. ಪುಷ್ಪಕ್ ಎಂದು ಕರೆದು 2024ರಲ್ಲಿ ಮತ್ತೆರಡು ಸಲ ಇಳಿಸಿದರು. ಜೂನ್ 23ರ ಪ್ರಯೋಗದಲ್ಲಿ ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಮೋಟು ರೆಕ್ಕೆಯಾದ್ದರಿಂದ ನೆಲ ಮುಟ್ಟುವಾಗ ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕಿದ ವೇಗ. ಹಿಂದಿನಿಂದ ಪ್ಯಾರಾಚೂಟು ಬಿಚ್ಚಿ ತಡೆಯಬೇಕು. ಅದಕ್ಕೆ "ಬೇಡ" ಎನ್ನುವ ಅವಕಾಶವೇ ಇಲ್ಲ. ಆ ವೀಡಿಯೋವನ್ನು ಅಕ್ಕನ ಮಗ ಯಕ್ಷಗಾನದ ಪ್ರವೇಶ ನೋಡುವ ತನ್ಮಯತೆಯಲ್ಲಿ ಹಿಂದೆ ಮುಂದೆ ಮಾಡಿ ನೋಡಿದ.

ಹೋದ ವರ್ಷ ಜಾತ್ರೆಗೆ ಊರಿಗೆ ಬಂದಿದ್ದ. ರಾಜರಾಜೇಶ್ವರಿಗೆ ಕೈಮುಗಿದು, ಚೆಂಡು ನೋಡಿ, ಎಲ್ಲರ ಹಾಗೆ ಒಂದು ಕಲ್ಲಂಗಡಿ ಹೆಗಲಿಗೇರಿಸಿ ಬರುವಾಗ ಅವನ ಕಣ್ಣು ಗದ್ದೆಯ ಮೇಲೆ. ಆ ಚೆಂಡು ಮೂಡುಬಿದಿರೆಯ ಚಮ್ಮಾರ ಮನೆತನದವರು ಹೊಲಿದದ್ದು, ಮಿಜಾರಿನ ಗಾಣದ ಮನೆತನದವರು ಖರ್ಚು ಹಾಕಿ ತಂದದ್ದು. ಐದು ದಿನ ಜನ ಅದರ ಹಿಂದೆ ಓಡುತ್ತಾರೆ. ಇವನಿಗೆ ಕಂಡದ್ದು ಅಷ್ಟು ಜನ ಓಡಲಿಕ್ಕೆ ಸಾಕಾದ ಚಪ್ಪಟೆ ನೆಲ.

"ಮಾವ, ನಮ್ಮ ಬೈಲಿನಲ್ಲಿ ಇಷ್ಟು ಉದ್ದ ಸಿಗ್ಲಿಕ್ಕಿಲ್ವಾ? ಕೊಯ್ಲು ಆದ ಮೇಲೆ ಖಾಲಿಯೇ ಅಲ್ವಾ?"

ಕಾನೂನು ಅವನಿಗೇ ಗೊತ್ತಿತ್ತು. 2021ರ ಡ್ರೋನ್ ನಿಯಮಗಳ ಪ್ರಕಾರ 25 ಕಿಲೋ ಒಳಗಿನ ಮಾದರಿಯನ್ನು ಕಣ್ಣಳತೆಯಲ್ಲಿ ಹಾರಿಸಬಹುದು. ಆದರೆ ವಿಮಾನ ನಿಲ್ದಾಣದ ಬೇಲಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಏನನ್ನೂ ಎತ್ತುವ ಹಾಗಿಲ್ಲ, 8ರಿಂದ 12ರವರೆಗೆ 200 ಅಡಿ ಮೀರುವ ಹಾಗಿಲ್ಲ. ಬಜ್ಪೆ ಅಲ್ಲೇ ಕಾಣುತ್ತಿರುವಾಗ ಪೊಳಲಿಯಲ್ಲಿ ಜೆಟ್ಟಿನ ಆಸೆ ಇಟ್ಟುಕೊಳ್ಳುವುದು ವ್ಯರ್ಥ. ಆದರೂ ಅಳೆಯುವುದಕ್ಕೆ ನಿಷೇಧ ಇಲ್ಲವಲ್ಲ ಎಂದು ಲುಂಗಿ ಎತ್ತಿ ಕಟ್ಟಿ ಬೈಲಿಗೆ ಇಳಿದ. ಹೆಜ್ಜೆ ಹಾಕುತ್ತ ಹೋದವನು ಐವತ್ತು ಮೀಟರಿಗೊಂದು ಪುಣಿ (ಗದ್ದೆಯ ಬದು) ಸಿಕ್ಕಿ ನಿಂತ. ಎರಡು ಪುಣಿ ಕಡಿದರೆ ಸಾಕಾಗುತ್ತದಂತೆ.

ಅಕ್ಕ ಮೇಲಿನಿಂದ ನೋಡುತ್ತಿದ್ದಳು. "ಡೆಲ್ಲಿಯವರ ಪರ್ಮಿಶನ್ನು ಬೇಕಾದ್ರೆ ತೆಕ್ಕೊಂಡು ಬಾ" ಎಂದು ಕೂಗಿದಳು. "ಆ ಎರಡನೇ ಪುಣಿ ಆಚೆ ಮನೆಯವರದ್ದು. ಅದರ ಕೇಸು ನಿನ್ನ ಅಜ್ಜನ ಕಾಲದಿಂದ ನಡೀತಾ ಉಂಟು."