ಎಲ್ಲರಿಗೂ ಒಂದು ಕೆಲಸ, ಎಲ್ಲರಿಗೂ ಒಂದು ಜಾಗ

ಉತ್ತರ ವಿಸ್ಕಾನ್ಸಿನ್, ಅಮೆರಿಕ
ಜುಲೈ, ಭಾನುವಾರ

ಪ್ರೀತಿಯ ಅಕ್ಕನಿಗೆ,

ಯಹೂದಿ ಮಕ್ಕಳ ಈ ಬೇಸಿಗೆ ಶಿಬಿರದಲ್ಲಿ ನಾನು ಕ್ಷೇಮ. ಊಟದ ಚಿಂತೆ ಬೇಡವೆಂದು ಮೊದಲು ಅಮ್ಮನಿಗೆ ಹೇಳು. ಯಹೂದಿಗಳ ಕೋಷರ್ ನಿಯಮದಂತೆ ಹಾಲು, ಮಾಂಸ ಒಂದೇ ಊಟದಲ್ಲಿ ಸೇರುವುದಿಲ್ಲ, ಪಾತ್ರೆಗಳೂ ಬೇರೆ. ಹಾಲಿನ ಊಟವಿದ್ದಾಗ ಮಾಂಸವಿಲ್ಲವೆಂದು ನಾನು ನಿಶ್ಚಿಂತೆಯಿಂದ ಉಣ್ಣುತ್ತೇನೆ. ಉಳಿದಂತೆ ಅನ್ನ, ತರಕಾರಿ, ಹಣ್ಣು ಇದ್ದೇ ಇವೆ.

ಸುತ್ತ ಪೈನ್ ಮರಗಳ ಕಾಡು, ಎದುರಿಗೆ ಸರೋವರ. ನಾನು ಮಕ್ಕಳಿಗೆ ಜೇಡಿಮಣ್ಣಿನ ಕೆಲಸ ಕಲಿಸುತ್ತೇನೆ. ಅವರೆಲ್ಲ ಮನೆ ಬಿಟ್ಟು, ಫೋನ್ ಬಿಟ್ಟು ವಾರಗಟ್ಟಲೆ ಇಲ್ಲೇ ಇರುತ್ತಾರೆ. ಬೆಳಿಗ್ಗೆ ತಮ್ಮ ಕೋಣೆಯ ಕಸ ತಾವೇ ಗುಡಿಸುತ್ತಾರೆ, ಸರದಿಯಂತೆ ಮೇಜಿಗೆ ತಟ್ಟೆ ಜೋಡಿಸುತ್ತಾರೆ, ಉಂಡಾದ ಮೇಲೆ ಎತ್ತಿ ಒರೆಸುತ್ತಾರೆ. ಆಮೇಲೆ ಮೇಜು ತಟ್ಟಿ ತಾಳ ಹಾಕುತ್ತ ಹೀಬ್ರೂವಿನಲ್ಲಿ ಅನ್ನಕ್ಕೆ ಕೃತಜ್ಞತೆ ಹೇಳುವ ಪ್ರಾರ್ಥನೆ ಹಾಡುತ್ತಾರೆ. ಶಾಲೆಯಲ್ಲಿ ತಾನೊಬ್ಬಳೇ ಯಹೂದಿ ಎಂದು ನನ್ನ ಗುಂಪಿನ ಹುಡುಗಿಯೊಬ್ಬಳು ಹೇಳಿದಳು. ಇಲ್ಲಿ ಅವಳು ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ.

ಇಂಥ ಶಿಬಿರಗಳಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ನ್ಯೂಯಾರ್ಕಿನ ಇಕ್ಕಟ್ಟಾದ ವಠಾರಗಳಲ್ಲಿ ಬೆಳೆಯುತ್ತಿದ್ದ ವಲಸಿಗರ ಮಕ್ಕಳಿಗೆ ಒಳ್ಳೆಯ ಗಾಳಿ, ಹೊಟ್ಟೆತುಂಬ ಊಟ ಸಿಗಲೆಂದು 1902ರಲ್ಲಿ ಸರ್‌ಪ್ರೈಸ್ ಲೇಕ್ ಶಿಬಿರ ಆರಂಭವಾಯಿತು. ಮುಂದೆ ಯುರೋಪಿನಲ್ಲಿ ಅರವತ್ತು ಲಕ್ಷ ಯಹೂದಿಗಳ ಕೊಲೆಯಾಯಿತು. ಅವರೊಂದಿಗೆ ಎಷ್ಟೋ ಪಾಠಶಾಲೆಗಳೂ ಊರುಗಳೂ ಅಳಿದವು. ಪರಂಪರೆಯನ್ನು ಮುಂದಕ್ಕೆ ಒಯ್ಯುವ ಹೊಣೆ ಅಮೆರಿಕದ ಯಹೂದಿಗಳ ಹೆಗಲಿಗೆ ಬಿತ್ತು. ಇದೇ ಉತ್ತರ ವಿಸ್ಕಾನ್ಸಿನ್‌ನ ಕಾನೋವರ್‌ನಲ್ಲಿ 1947ರಲ್ಲಿ ‘ರಾಮಾ’ ಎಂಬ ಸರಣಿಯ ಮೊದಲ ಶಿಬಿರ ತೆರೆದದ್ದು ಆ ಹಿನ್ನೆಲೆಯಲ್ಲೇ.

ಶುಕ್ರವಾರ ಮಧ್ಯಾಹ್ನದಿಂದ ಶಿಬಿರವೆಲ್ಲ ಹಬ್ಬದ ಮನೆಯಂತಾಗುತ್ತದೆ. ಸ್ನಾನ ಮುಗಿಸಿ, ಬಿಳಿ ಬಟ್ಟೆ ತೊಟ್ಟು, ಸೂರ್ಯಾಸ್ತಕ್ಕೆ ಮೊದಲು ದೀಪ ಹಚ್ಚಿ ಶಬ್ಬಾತ್ ಎಂಬ ವಾರದ ವಿಶ್ರಾಂತಿ ದಿನವನ್ನು ಬರಮಾಡಿಕೊಳ್ಳುತ್ತಾರೆ. ನಿನ್ನೆ ರಾತ್ರಿ ನಕ್ಷತ್ರ ಮೂಡಿದ ಮೇಲೆ ಅದನ್ನು ಬೀಳ್ಕೊಡುವ ಹವ್ದಾಲಾ. ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಎಲ್ಲರೂ ವೃತ್ತವಾಗಿ ನಿಂತರು. ನಡುವೆ ಜಡೆಯಂತೆ ಹೆಣೆದ ಮೇಣದಬತ್ತಿ. ಡೌನ್ ಸಿಂಡ್ರೋಮ್ ಇರುವ ಹುಡುಗನೊಬ್ಬ ಲವಂಗ, ದಾಲ್ಚಿನ್ನಿ ತುಂಬಿದ ಡಬ್ಬಿ ಹಿಡಿದು ಒಬ್ಬೊಬ್ಬರ ಮೂಗಿನ ಹತ್ತಿರ ತಂದ. ನನ್ನ ಮುಂದೆ ನಿಂತು, ನಾನು ಉಸಿರೆಳೆದುಕೊಳ್ಳುವವರೆಗೆ ಕಾದು, ಆಮೇಲೇ ಮುಂದಿನವರತ್ತ ಹೋದ. ಯಾರೂ ಅವನನ್ನು ಅವಸರಪಡಿಸಲಿಲ್ಲ. ಕೊನೆಗೆ ಬತ್ತಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಆರಿಸಿ, ಎಲ್ಲರೂ ಒಬ್ಬರಿಗೊಬ್ಬರು ಶುಭ ವಾರ ಕೋರಿದರು.

ಅಂಥ ಮಕ್ಕಳಿಗೂ ಇಲ್ಲಿ ಜಾಗವಿರಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರು ಬಾರ್ಬರಾ ಮತ್ತು ಹರ್ಬ್ ಗ್ರೀನ್‌ಬರ್ಗ್ ದಂಪತಿ. 1970ರಲ್ಲಿ ಅವರು ರಾಮಾದ ಒಂದು ಶಿಬಿರದಲ್ಲಿ ‘ಟಿಕ್ವಾ’ ಎಂಬ ಕಾರ್ಯಕ್ರಮ ಆರಂಭಿಸಿದಾಗ ಹಲವರಿಗೆ ಅಂಜಿಕೆಯಿತ್ತು. ಇಂದು ಎಷ್ಟೋ ಶಿಬಿರಗಳಲ್ಲಿ ಇಂಥ ವ್ಯವಸ್ಥೆಯಿದೆ. ನಮ್ಮವರು ಎಂಬ ಭಾವ ಹುಟ್ಟಿನಿಂದಲೇ ಬರುತ್ತದೆ ಎಂದುಕೊಂಡಿದ್ದೆ, ಅಕ್ಕ. ಕೈಗೊಂದು ಕೆಲಸ ಕೊಟ್ಟು, ಅದು ಮುಗಿಯುವವರೆಗೆ ಕಾಯುವವರಿದ್ದಾಗ ಆ ಭಾವ ಬೇರೂರುತ್ತದೆ ಎಂದು ಈಗ ಅನ್ನಿಸುತ್ತಿದೆ.

ಇದನ್ನೆಲ್ಲ ನೋಡಿ ನಮ್ಮ ಮನೆಯ ಮಗು ನೆನಪಾಯಿತು. ಶಿಕಾಗೋದಲ್ಲಿ ಅಣ್ಣನ ಮಗಳು ಪ್ರತಿ ಭಾನುವಾರ ಕನ್ನಡ ತರಗತಿಗೆ ಹೋಗುತ್ತಾಳಲ್ಲ, ಆ ಒಂದು ಗಂಟೆಯ ಪಾಠ ಬೇಕೇ ಬೇಕು. ಆದರೆ ಅಷ್ಟೇ ಸಾಲದು. ಮುಂದಿನ ಬೇಸಿಗೆಗೆ ಅವಳನ್ನು ಶಿವಮೊಗ್ಗಕ್ಕೆ ಕಳಿಸೆಂದು ಅಣ್ಣನಿಗೂ ಬರೆಯುತ್ತಿದ್ದೇನೆ. ನಿನ್ನ ಮಕ್ಕಳ ಜೊತೆ ಒಂದು ತಿಂಗಳು ಇರಲಿ. ಅವಳನ್ನು ಅತಿಥಿಯಂತೆ ಕೂರಿಸಬೇಡ; ಎಲೆ ಹಾಕುವ, ನೀರು ಬಡಿಸುವ ಕೆಲಸ ಅವಳಿಗೇ ಇರಲಿ. ತಡವಾದರೂ ಪರವಾಗಿಲ್ಲ, ಎಲ್ಲರೂ ಕಾಯೋಣ. ಭಾವನಿಗೂ ಅಮ್ಮನಿಗೂ ನಮಸ್ಕಾರ ತಿಳಿಸು. ಬೇಗ ಉತ್ತರ ಬರೆ.

ನಿನ್ನ ಪ್ರೀತಿಯ ತಂಗಿ