ಬುಟ್ಟಿ ಹೊರುವವರು ಯಾರು?

15 ಸೆಂಟಿಮೀಟರ್ ಎತ್ತರದ ಸ್ಪೈಡರ್‌ಮ್ಯಾನ್ ಒಬ್ಬ ಹುಟ್ಟಿ ನಿಲ್ಲಲು ಸುಮಾರು ಹತ್ತು-ಹನ್ನೆರಡು ತಾಸು ಬೇಕು. ಮೊದಲು ಕಂಪ್ಯೂಟರಿನಲ್ಲಿ ಅವನ ಆಕಾರದ ಫೈಲ್ ಇರಬೇಕು. ಎಸ್‌ಟಿಎಲ್ ಎನ್ನುವ ಆ ಫೈಲಿನಲ್ಲಿ ಮೈಯೆಲ್ಲ ಸಣ್ಣ ಸಣ್ಣ ತ್ರಿಕೋನಗಳ ಬಲೆ. ಇನ್ನೊಂದು ತಂತ್ರಾಂಶ ಆ ಆಕಾರವನ್ನು ಅಂಗಾಲಿನಿಂದ ನೆತ್ತಿಯವರೆಗೆ ತೆಳುವಾಗಿ ಹೆಚ್ಚುತ್ತದೆ, ನಮ್ಮವ್ವ ಸೌತೆಕಾಯಿ ಹೆಚ್ಚಿದ ಹಾಗೆ. ಒಂದೊಂದು ಪದರ 0.2 ಮಿಲಿಮೀಟರ್ ಎಂದರೆ ಒಟ್ಟು 750 ಪದರ. ಯಂತ್ರದ ಮೂತಿ ಸುಮಾರು 200 ಡಿಗ್ರಿಗೆ ಕಾದು, ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಪದರದ ಮೇಲೆ ಪದರ ಎಳೆಯುತ್ತದೆ. ಚಾಚಿದ ಕೈಗೆ ಕೆಳಗಿನಿಂದ ಆಸರೆ ಬೇಕು. ಆ ಆಸರೆಯನ್ನೂ ಯಂತ್ರವೇ ಕಟ್ಟುತ್ತದೆ. ಕೊನೆಗೆ ಅದನ್ನು ಮುರಿದು ತೆಗೆಯಬೇಕು.

ಇಷ್ಟನ್ನೂ ನನಗೆ ಹೇಳಿಕೊಟ್ಟವನು ನನ್ನ ತಂಗಿಯ ಮಗ. ಎಂಟನೆಯ ತರಗತಿ. ನೀತಿ ಆಯೋಗ 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಅವನ ಶಾಲೆಗೂ ಬಂದಿದೆ. ಒಂದು ಕೋಣೆ, ಕೆಲವು ಸೆನ್ಸರ್, ಒಂದಷ್ಟು ತಂತಿ, ಮೂಲೆಯಲ್ಲಿ ಆ ಪ್ರಿಂಟರ್. ನವಲಗುಂದ ತಾಲ್ಲೂಕಿನ ಎರೆಹೊಲಗಳ ನಡುವಿನ ಊರಿನಲ್ಲಿ ಆ ಕೋಣೆಗೆ ಹುಡುಗರು ಚಪ್ಪಲಿ ಕಳಚಿಟ್ಟೇ ಹೋಗುತ್ತಾರೆ. ಕಳೆದ ವರ್ಷ ಭಾದ್ರಪದದಲ್ಲಿ, ಚೌತಿ ಕಳೆದ ಮೇಲೆ, ಅವನ ಸ್ಪೈಡರ್‌ಮ್ಯಾನನ ಸರದಿ ಬಂತು. ಬೆಳಿಗ್ಗೆ ಹಚ್ಚಿದ್ದರು. ಮಧ್ಯಾಹ್ನ ಗುಡುಗು ಬಂದು ಕರೆಂಟು ಹೋಯಿತು. ಕರೆಂಟು ತಿರುಗಿ ಬರುವ ಹೊತ್ತಿಗೆ ಶಾಲೆಯೇ ಬಿಟ್ಟಿತ್ತು. ಮನೆಗೆ ಬಂದದ್ದು ಅಂಗಾಲಿನಿಂದ ಸೊಂಟದವರೆಗಿನ ವೀರ ಮಾತ್ರ. ಒಳಗೆ ಜೇನುಹುಟ್ಟಿನಂತೆ ಟೊಳ್ಳು. ಹುಡುಗ ಅದನ್ನು ಬೇಜಾರಿನಿಂದಲೇ ಟಿವಿಯ ಪಕ್ಕ ನಿಲ್ಲಿಸಿದ.

ಸೂಪರ್ ಹೀರೋ ಎಂದರೆ ನಮ್ಮ ಕಾಲಕ್ಕೆ ಡಿಂಗ. ಬಾಲಮಂಗಳದ ಪುಟದಲ್ಲಿ ಹಾರಿ ಬರುತ್ತಿದ್ದ ಆ ಇಲಿಗಾಗಿ ಬಸ್‌ಸ್ಟ್ಯಾಂಡಿನ ಅಂಗಡಿಯ ಮುಂದೆ ಕಾದು ನಿಂತವರು ನಾವು. ನನ್ನ ಅಳಿಯನಿಗೆ ಸ್ಪೈಡರ್‌ಮ್ಯಾನ್. ಸ್ಟಾನ್ ಲೀ, ಸ್ಟೀವ್ ಡಿಟ್ಕೊ ಸೇರಿ 1962ರಲ್ಲಿ ಹುಟ್ಟಿಸಿದ ಹುಡುಗ ಅವನು. ಅಪ್ಪ ಅವ್ವ ಇಲ್ಲ, ಚಿಕ್ಕಪ್ಪ-ಚಿಕ್ಕಮ್ಮನ ಮನೆಯಲ್ಲಿ ಬೆಳೆದವನು, ದುಡ್ಡಿಗೆ ಪರದಾಡುವವನು. ಅರವತ್ತು ವರ್ಷ ದಾಟಿದರೂ ಅವನು ಇನ್ನೂ ಹರೆಯದವನೇ. ಕಾಮಿಕ್ಸಿನ ವೀರರು ಆಗಾಗ ಸಾಯುತ್ತಾರೆ. ಆದರೆ ಮಾರಾಟ ನಿಲ್ಲಬಾರದಲ್ಲ, ಮತ್ತೆ ಎದ್ದು ಬರುತ್ತಾರೆ.

ನಮ್ಮ ಕಡೆಯ ವೀರನೊಬ್ಬ ಮಾತ್ರ ಪ್ರತಿವರ್ಷ ನಿಜವಾಗಿಯೂ ಸಾಯುತ್ತಾನೆ.

ಆ ಅರ್ಧ ಸ್ಪೈಡರ್‌ಮ್ಯಾನ್ ಟಿವಿಯ ಪಕ್ಕ ನಿಂತಿದ್ದ ವಾರವೇ ಅಂಬಿಗರ ಓಣಿಯ ಆಯಿ ಜೋಕುಮಾರನನ್ನು ಹೊತ್ತು ನಮ್ಮ ಅಂಗಳಕ್ಕೆ ಬಂದಳು. ಬಿದಿರಿನ ಬುಟ್ಟಿ, ಅದರ ತುಂಬ ಬೇವಿನ ತಪ್ಪಲು, ತಪ್ಪಲಿನ ನಡುವೆ ಮಣ್ಣಿನ ಜೋಕುಮಾರ. ಅಗಲವಾದ ಬಾಯಿ, ದೊಡ್ಡ ಕಣ್ಣು, ಹುರಿಮೀಸೆ. ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಈ ದೇವರಿಗೆ ಆಯುಷ್ಯ ಒಂದೇ ವಾರ. ಅಷ್ಟರಲ್ಲೇ ಬೆಳೆದು, ಊರಾಡಿ, ಹೆಂಗಸರ ಗೋಜಿಗೆ ಹೋಗಿ, ಏಟು ತಿಂದು ಸಾಯುತ್ತಾನೆ. ಹೆಂಗಸರು ಬುಟ್ಟಿಯನ್ನು ಅಂಗಳದಲ್ಲಿಳಿಸಿ, ಸುತ್ತ ಕುಳಿತು ಅವನ ಹಾಡು ಹಾಡುತ್ತಾರೆ. ಮನೆಯವರು ಅವನ ಬಾಯಿಗೆ ಬೆಣ್ಣೆ ಒರೆಸಿ, ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ಕೊಡುತ್ತಾರೆ. ಬದಲಿಗೆ ಒಂದಿಷ್ಟು ನುಚ್ಚು, ಬೇವಿನೆಲೆ ಸಿಗುತ್ತದೆ. ಅದನ್ನು ಹೊಲಕ್ಕೆ ಚೆಲ್ಲಿದರೆ ಬೆಳೆಗೆ ಒಳ್ಳೆಯದು.

ಗಣಪತಿಗೂ ಜೋಕುಮಾರನಿಗೂ ಇರುವ ವ್ಯತ್ಯಾಸವನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಗಣಪತಿ ಕಡುಬು, ಹೋಳಿಗೆ ತಿಂದು ಹೋಗಿ, ಭೂಮಿಯ ಮೇಲೆ ಎಲ್ಲರೂ ಸುಖವಾಗಿದ್ದಾರೆ ಎಂದು ಶಿವನಿಗೆ ಹೇಳುತ್ತಾನೆ. ಜೋಕುಮಾರ ಬಡವರ ಓಣಿ ತಿರುಗಿ, ಪೆಟ್ಟು ತಿಂದು ಹೋಗಿ, ಮಳೆಯಿಲ್ಲದೆ ಜನ ಒದ್ದಾಡುತ್ತಿದ್ದಾರೆ ಎಂದು ಹೇಳುತ್ತಾನೆ. ಅವನ ಮಾತು ಕೇಳಿ ಮಳೆ ಬರುತ್ತದೆ. ಇದು ಬರೀ ಕಥೆಯೆಂದು ಪಟ್ಟಣದಲ್ಲಿ ಕುಳಿತು ಹೇಳಬಹುದು. ನಮ್ಮ ಎರೆಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತುವುದು ಇದರ ಬೆನ್ನಿಗೇ. ಉತ್ತರಿ, ಹಸ್ತ ಮಳೆಗಳು ಕೈಕೊಟ್ಟರೆ ಬೀಜದ ಚೀಲ ಬಿಚ್ಚುವ ಹಾಗಿಲ್ಲ. ದೂರು ಹೇಳಲು ಹೋಗುವವನೊಬ್ಬ ಬೇಕೇ ಬೇಕು.

ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ ನಮ್ಮದು. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಕೊನೆಗೆ ಜೋಕುಮಾರ. ಐದೂ ಮೂರ್ತಿಗಳು ಮಣ್ಣಿನಿಂದ ಬಂದು ಮಣ್ಣಿಗೇ ಹೋಗುವಂಥವು. ಹೋದ ವರ್ಷದ ಎತ್ತುಗಳನ್ನು ಈ ವರ್ಷಕ್ಕೆಂದು ಯಾರೂ ಎತ್ತಿಡುವುದಿಲ್ಲ. ಉಳಿಯುವುದು ಮಾಡುವ ಕೈಯೊಳಗಿನ ನೆನಪು.

ಆಯಿಯ ಕೈ ಈಗ ನಡುಗುತ್ತದೆ. ಆ ಸಲದ ಜೋಕುಮಾರನ ಒಂದು ಕಣ್ಣು ಮೇಲೆ, ಒಂದು ಕೆಳಗೆ. ನನ್ನ ಅಳಿಯ ಅದನ್ನು ನೋಡಿದ. ಹಾಡು ಮುಗಿದು ಆಯಿ ಎಲೆಯಡಿಕೆ ಹಾಕಿಕೊಳ್ಳುವಾಗ ಅವಳ ಪಕ್ಕ ಹೋಗಿ ಕುಂತ.

“ಆಯಿ, ನಮ್ಮ ಸಾಲ್ಯಾಗ ಒಂದು ಮಿಷನ್ ಐತಿ. ಈ ಜೋಕ್ಯಾನ ಸುತ್ತಲೂ ಫೋನಿನ್ಯಾಗ ಫೋಟೊ ತಗದ್ರ ಕಂಪ್ಯೂಟರ್ ಎಲ್ಲಾ ಜೋಡಿಸಿ ಇವನ ಆಕಾರ ಮಾಡತೈತಿ. ಒಂದ ಸಲ ಮಾಡಿದ್ರ ಸಾಕು. ವರ್ಷಾ ವರ್ಷಾ ನೀ ಮಣ್ಣು ನಾದೂದು ಬ್ಯಾಡ. ಒಡಿಯೂದೂ ಇಲ್ಲ.”

ಅವನು ಹೇಳಿದ್ದು ಸುಳ್ಳೇನಲ್ಲ. ಒಂದೇ ವಸ್ತುವನ್ನು ನೂರಾರು ಕೋನಗಳಿಂದ ತೆಗೆದ ಚಿತ್ರಗಳಿಂದ ಮೂರು ಆಯಾಮದ ಆಕಾರ ಕಟ್ಟುವುದು ಈಗ ಫೋನಿನಲ್ಲೇ ಆಗುತ್ತದೆ. ಆಯಿ ಟಿವಿಯ ಪಕ್ಕದ ಕಾಲುಗಳನ್ನು ತರಿಸಿಕೊಂಡು, ಬೆರಳಿನಿಂದ ಸವರಿ, ಪದರದ ಗೆರೆಗಳನ್ನು ಉಗುರಿನಿಂದ ಕೆರೆದು ನೋಡಿದಳು.

“ಚೊಲೊ ಐತಿ ತಮ್ಮಾ. ಆದ್ರ ಹುಣ್ಣಿವಿ ರಾತ್ರಿ ಇವನ್ನ ಒಗ್ಯಾಣ ಕಲ್ಲಿನ ಮ್ಯಾಲೆ ಒಗದ್ರ ಒಡಿತಾನೇನು?”

“ಇಲ್ಲ ಆಯಿ, ಗಟ್ಟಿ ಇರತಾನ.”

“ಹಂಗಾರ ಹೆಂಗ? ಸಾಯದಾಂವ ಶಿವನ ಕಡೆ ಹೆಂಗ ಹೊಕ್ಕಾನ? ಮಳಿ ಯಾರು ಕೇಳಬೇಕು?”

ಹುಡುಗನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇರಲಿಲ್ಲ.

ಈ ದಾರದ ಪ್ಲಾಸ್ಟಿಕ್ಕಿಗೆ ಪಿಎಲ್‌ಎ ಎಂದು ಹೆಸರು. ಗೋವಿನಜೋಳದಂಥ ಬೆಳೆಗಳ ಪಿಷ್ಟವನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದರಿಂದ ಇದನ್ನು ತಯಾರಿಸುತ್ತಾರೆ. ಕಲಘಟಗಿ ಕಡೆ ಹೊಲಗಟ್ಟಲೆ ಬೆಳೆಯುವ ಗೋವಿನಜೋಳವೇ ಸ್ಪೈಡರ್‌ಮ್ಯಾನನ ಮೈಯಾಗಬಹುದು. ಹಾಗಾಗಿ ಇದು ಮಣ್ಣಿನಲ್ಲಿ ಕರಗುತ್ತದೆ ಎಂದು ಜಾಹೀರಾತುಗಳು ಹೇಳುವುದುಂಟು. ಆದರೆ ಅದು ಸರಿಯಾಗಿ ಕೊಳೆಯಬೇಕಾದರೆ ಕಾರ್ಖಾನೆಯ ಗೊಬ್ಬರದ ಗುಂಡಿಯಲ್ಲಿ ಸುಮಾರು 60 ಡಿಗ್ರಿ ಕಾವು ಬೇಕು. ನಮ್ಮ ಹಳ್ಳದ ದಂಡೆಯಲ್ಲಿ ಹೂತರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಅನ್ನದಿಂದ ಹುಟ್ಟಿಯೂ ಮಣ್ಣಿಗೆ ಮರಳಲು ಒಲ್ಲದ ಮೈ ಅದು. ಆಯಿಗೆ ಇದ್ಯಾವುದೂ ತಿಳಿಯದು. ಉಗುರಿನಿಂದ ಕೆರೆದು ನೋಡಿ ಅವಳು ಕೇಳಿದ ಪ್ರಶ್ನೆ ಮಾತ್ರ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಹಾಗೆಂದು ಅಳಿಯದ ಮೂರ್ತಿ ನಮ್ಮವರಿಗೆ ಒಗ್ಗದು ಎನ್ನುವಂತೆಯೂ ಇಲ್ಲ. ಹೋಳಿಗೆ ಊರೂರಿನ ಕಾಮಣ್ಣ ಸುಟ್ಟು ಬೂದಿಯಾಗುವಾಗ, ನವಲಗುಂದದ ರಾಮಲಿಂಗ ಕಾಮಣ್ಣ ಸುಡದೆ ಉಳಿಯುತ್ತಾನೆ. ಮಕ್ಕಳಿಲ್ಲದವರು, ಮದುವೆಯಾಗದವರು, ನೌಕರಿ ಸಿಗದವರು ದೂರದೂರದಿಂದ ಬಂದು ಅವನಿಗೆ ಹರಕೆ ಹೊರುತ್ತಾರೆ. ಯಾವುದನ್ನು ಉಳಿಸಬೇಕು, ಯಾವುದನ್ನು ಕಳಿಸಬೇಕು ಎಂಬುದನ್ನು ಜನರೇ ತೀರ್ಮಾನಿಸಿದ್ದಾರೆ. ಕಾಮಣ್ಣನಿಂದ ಬೇಕಾದದ್ದು ಅವನು ಇಲ್ಲಿದ್ದು ಕೊಡಬೇಕು. ಜೋಕುಮಾರನಿಂದ ಬೇಕಾದದ್ದು ಅವನು ಅಲ್ಲಿಗೆ ಹೋಗಿ ತರಬೇಕು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಯಂತ್ರಕ್ಕೂ ಮಣ್ಣಿಗೂ ನಡೆದ ಜಗಳ, ಮಣ್ಣು ಗೆದ್ದಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಆ ದಿನ ಆಯಿಯ ಜೊತೆ ಅವಳ ಮೊಮ್ಮಗಳೂ ಬಂದಿದ್ದಳು. ಧಾರವಾಡದಲ್ಲಿ ಬಿ.ಎ. ಓದುವ ಹುಡುಗಿ. ಬುಟ್ಟಿಗೆ ಕೈ ಹಚ್ಚಿರಲಿಲ್ಲ. ಅಜ್ಜಿ ಒಬ್ಬಳೇ ಬಿಸಿಲಲ್ಲಿ ಬಿದ್ದಾಳೆಂದು ಹಿಂದೆ ಬಂದವಳು, ಕಟ್ಟೆಯ ತುದಿಗೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದಳು. ನನ್ನ ಅಳಿಯ ಸೋಲೊಪ್ಪದೆ, “ಒಡಿಯೂ ಹಂಗ ಮಣ್ಣಿಂದನ ಪ್ರಿಂಟ್ ಮಾಡೂ ಮಿಷನ್ನೂ ಅದಾವ” ಎಂದ. ನಿಜ, ಹಸಿ ಮಣ್ಣನ್ನೇ ಹಿಂಡಿ ಪದರ ಕಟ್ಟುವ ಯಂತ್ರಗಳೂ ಇವೆ. ಆಗ ಆ ಹುಡುಗಿ ನಗುತ್ತ ಕೇಳಿದಳು:

“ಮಾಡಲಿ ಬಿಡು ತಮ್ಮಾ. ಮಾಡಿದ ಮ್ಯಾಲೆ ಹೊರಾವ್ರು ಯಾರು? ನಿನ್ನ ಮಿಷನ್ ಮನಿ ಮನಿ ಮುಂದ ನಿಂತು ಮೊರಾ ಒಡ್ಡತೈತೇನು?”

ಯಾರೂ ಮಾತಾಡಲಿಲ್ಲ. ನಮ್ಮವ್ವ ಮೊರ ಹಿಡಿದುಕೊಂಡೇ ನಿಂತಿದ್ದಳು.

ಜೋಕುಮಾರ ಇಡೀ ಊರಿಗೆ ಮಳೆ ತರುತ್ತಾನೆ. ಆದರೆ ಅವನನ್ನು ಹೊರುವವರು ಒಂದೇ ಓಣಿಯ ಹೆಂಗಸರು. ಇದನ್ನು ಊರಿನ ಹಿರಿಯರು ಅವರ ಹಕ್ಕು ಎನ್ನುತ್ತಾರೆ. ಆಯಿಯೂ ಹಾಗೇ ಹೇಳುತ್ತಾಳೆ, ಹೆಮ್ಮೆಯಿಂದ ಹೇಳುತ್ತಾಳೆ. ಮೊಮ್ಮಗಳಿಗೆ ಅದು ಬಾಗಿಲಿನ ಹೊರಗೆ ನಿಂತು ಕೈಯೊಡ್ಡುವ ಕೆಲಸ. ಬಸ್ಸಿನಲ್ಲಿ ಜೊತೆಗೆ ಓಡಾಡುವ ಗೆಳತಿಯರ ಮನೆಯ ಮುಂದೆಯೇ ಬುಟ್ಟಿ ಇಳಿಸಬೇಕು. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಸ್ಪೈಡರ್‌ಮ್ಯಾನನ ಮೇಲೆ ಅಮೆರಿಕದ ಕಂಪನಿಯ ಒಡೆತನವಿದೆ. ಅಪ್ಪಣೆಯಿಲ್ಲದೆ ಅವನ ಗೊಂಬೆ ಮಾಡಿ ಮಾರುವಂತಿಲ್ಲ. ಆ ಹಕ್ಕಿನಿಂದ ಒಡೆಯರಿಗೆ ಹಣ ಹರಿದು ಬರುತ್ತದೆ. ಜೋಕುಮಾರನ ಹಕ್ಕುದಾರರಿಗೆ ಬರುವುದು ಮೊರದ ಜೋಳ.

ಪರಂಪರೆ ಉಳಿಯಬೇಕು ಎಂದು ನಮ್ಮಂಥವರು ಸಲೀಸಾಗಿ ಬರೆಯುತ್ತೇವೆ. ಬರೆಯುವ ಕೈ ಬುಟ್ಟಿ ಹೊರುವುದಿಲ್ಲ. ಹಾಗಂತ ಆ ಹುಡುಗಿ ಎಲ್ಲವನ್ನೂ ಕೊಡವಿಕೊಂಡು ಹೋಗುವವಳೂ ಅಲ್ಲ. ಆಮೇಲೆ ನನಗೆ ತಿಳಿದದ್ದು: ಅಜ್ಜಿಯ ಹಾಡುಗಳನ್ನು ಅವಳು ಎರಡು ನೋಟ್‌ಬುಕ್ಕಿನ ತುಂಬ ಬರೆದುಕೊಂಡಿದ್ದಾಳೆ. ಕೆಲವು ಹಾಡು ಸಣ್ಣ ಹುಡುಗರ ಮುಂದೆ ಹೇಳುವಂಥವಲ್ಲ. ಅವನ್ನೂ ಒಂದಕ್ಷರ ಬಿಡದೆ ಬರೆದಿದ್ದಾಳೆ. ಅಜ್ಜಿ ಮಣ್ಣು ನಾದುವಾಗ, ಮೂಗು ಎಳೆಯುವಾಗ, ಬಾಯಿ ಕೊರೆಯುವಾಗ ಕೈಗಳನ್ನಷ್ಟೇ ಫೋನಿನಲ್ಲಿ ಹಿಡಿದಿಟ್ಟಿದ್ದಾಳೆ.

“ನೀನು ಮಾಡತಿಯೇನವಾ ಮುಂದ?” ಎಂದು ಕೇಳಿದೆ.

“ಮಾಡಾಕ ಬರತೈತಿ ಕಾಕಾ” ಎಂದಳು. “ಎಲ್ಲಾ ಓಣಿಯವ್ರೂ ಪಾಳಿ ಹಚ್ಚಿ ಹೊರತೀನಿ ಅಂದ್ರ ಮಾಡತೀನಿ.”

ಈ ಮಾತನ್ನು ನಾನು ಊರಿನ ನಾಲ್ಕು ಜನ ಹಿರಿಯರ ಮುಂದೆ ಇಟ್ಟೆ. ಒಬ್ಬರು ನಕ್ಕರು. ಒಬ್ಬರು, ಹಾಗೆಲ್ಲ ಪದ್ಧತಿ ಮುರಿದರೆ ಮಳೆ ಬರುವುದಿಲ್ಲ ಎಂದರು. ಇನ್ನೊಬ್ಬರು ಸುಮ್ಮನಿದ್ದು, ಹೊರಡುವಾಗ, ನಮ್ಮ ಮನೆಯ ಹೆಂಗಸರನ್ನು ಕೇಳಿ ನೋಡುತ್ತೇನೆ ಎಂದರು. ಉತ್ತರ ಇನ್ನೂ ಬಂದಿಲ್ಲ. ಈ ವರ್ಷದ ಮಣ್ಣೆತ್ತು ಆಗಿ, ಗುಳ್ಳವ್ವನ ಮಂಗಳವಾರಗಳು ನಡೆದಿವೆ. ಅಷ್ಟಮಿಗೆ ಇನ್ನೂ ದಿನಗಳಿವೆ.